ಬಾನೆಟ್ಟಿನಲ್ಲಿ ಕುಂಕುಮ ನೆಟ್ಟಗೆ ಕಂಡರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಗರಗೋಳದ ಈ ಅಂಗಳದಲ್ಲಿ ಕೆಂಪು ಕಾರೊಂದು ನಿಂತಿದೆ. ಕೆಂಪು ಅನ್ನುವುದು ಅದರ ಮಾಲೀಕರ ಮಾತು. ನನ್ನ ಕಣ್ಣಿಗೆ ಅದು ಬಿಸಿಲಿಗೆ ಬೆಳ್ಳಗಾದ ಹಳೇ ಮೆಣಸಿನಕಾಯಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನ ಮೇಲೆ ಬಾಗಿ, ಮಹಾನಂದಾ ಹಳೆಯ ಧೋತರದ ತುಂಡಿನಿಂದ ತಿಕ್ಕುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ನಮಸ್ಕಾರ ಅಂದರೂ ತಲೆ ಎತ್ತುವುದಿಲ್ಲ.

"ಕುಂತ್ರಿ ಸರ. ಬಿಸಲ ಏರೂದ್ರಾಗ ಇಷ್ಟ ಮುಗಸ್ತೇನಿ. ತಗಡ ಕಾದ್ರ ಪಾಲಿಶ್ ಹಚ್ಚಿದಲ್ಲೇ ಒಣಗಿ ಹಿಡಕೊಂಬಿಡತೈತಿ."

ಮಾಸಿದ ಕಾರುಗಳಿಗೆ ಮರಳಿ ಹೊಳಪು ತರುವುದು ಇವರ ಕೆಲಸ. ಗ್ಯಾರೇಜಿಲ್ಲ, ಬೋರ್ಡಿಲ್ಲ. ಮನೆಯ ಅಂಗಳ, ಎರಡು ಬಕೆಟ್ ನೀರು, ಬಣ್ಣ ಉಜ್ಜುವ ರಬ್ಬಿಂಗ್ ಪೇಸ್ಟಿನ ಒಂದು ಡಬ್ಬಿ, ಮೆತ್ತಗಾದ ಹಳೇ ಬಟ್ಟೆ, ಅಷ್ಟೇ ಬಂಡವಾಳ. ಸವದತ್ತಿ, ಬೈಲಹೊಂಗಲದಿಂದಲೂ ಗಾಡಿಗಳು ಹುಡುಕಿಕೊಂಡು ಬರುತ್ತವೆ. ಒಂದಕ್ಕೆ ಎರಡು ದಿನ ಹಿಡಿಯುತ್ತದೆ.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದ್ದೇ ತಡ, ಅವರಿಗೆ ನಗು ತಡೆಯಲಾಗುವುದಿಲ್ಲ. "ನಮ್ಮನಿಯವರು ಅರ್ಜುನ ಅಂತ, ಡ್ರೈವರ್ ಅದಾರ್ರಿ. ಅವರ ಬಿಳೇ ವ್ಯಾನಿನ ಮ್ಯಾಲ ದೇವಿ ಗುಡ್ಡದ ಭಂಡಾರದ ಅರಿಷಿಣ, ಎಣ್ಣಿ, ಕುಂಕುಮ ಎಲ್ಲಾ ಕಲಿ ಆಗಿ ಗಟ್ಟಿ ಹಿಡದಿತ್ತು. ಅವರು ಮಲಗಿದ್ರು. ಛಂದ ಮಾಡೂಣಂತ ಬಾಂಡೆ ತಿಕ್ಕೂ ಪುಡಿ ಹಾಕಿ, ನಾರು ತಗೊಂಡು ತಿಕ್ಕಿದೆ ನೋಡ್ರಿ! ಕಲಿ ಹೋತು. ಕಲಿ ಸಂಗಾಟ ಹೊಳಪೂ ಹೋತು!"

ಎದ್ದು ಬಂದ ಅರ್ಜುನ ತಲೆಯ ಮೇಲೆ ಕೈ ಹೊತ್ತು ಕುಳಿತರಂತೆ. ಪಾಪ, ವ್ಯಾನೇ ಹೊಟ್ಟೆಪಾಡು. ಸಂಪಗಾಂವದ ತವರಿನಲ್ಲಿ ತಾಮ್ರದ ಕೊಡ ಫಳಫಳ ಮಾಡಿ ಹೊಗಳಿಸಿಕೊಂಡಿದ್ದ ಕೈಗೆ ಇದು ದೊಡ್ಡ ಅವಮಾನ. ರಾತ್ರಿಯೆಲ್ಲ ಅತ್ತ ಮಹಾನಂದಾ ಮರುದಿನ ಬಸ್ ಹಿಡಿದು ಸವದತ್ತಿಯ ಪೇಂಟರ್ ನೀಲಪ್ಪನವರ ಮುಂದೆ ನಿಂತರು. ಆ ಪುಣ್ಯಾತ್ಮ ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಕೂರಿಸಿ ಕಲಿಸಿದರು. ನೀರು ಹಚ್ಚಿ ನಯವಾದ ಸ್ಯಾಂಡ್‌ಪೇಪರ್ ಎಳೆಯುವುದು, ರಬ್ಬಿಂಗ್ ಹಾಕುವುದು, ಮುಖ್ಯವಾಗಿ ಎಲ್ಲಿ ಕೈ ನಿಲ್ಲಿಸಬೇಕು ಅನ್ನುವುದು. ವ್ಯಾನಿನ ಹೊಳಪು ಮರಳಿತು. ಓಣಿಯವರು ನೋಡಿದರು. ಅಲ್ಲಿಂದ ಶುರುವಾದದ್ದು ಇದು.

ಇವತ್ತಿನ ಕಾರು ಕಟಕೋಳದ ಶಂಕ್ರೆಪ್ಪನವರದು. ಇವತ್ತು ಬಾನೆಟ್ಟು, ಉಳಿದದ್ದು ನಾಳೆ. ಪೂರ್ತಿ ಹೊಸ ಬಣ್ಣವೇ ಗತಿ ಎಂದು ಎಲ್ಲರೂ ಕೈಚೆಲ್ಲಿದ್ದಾರೆ. ತಿಕ್ಕಿದಂತೆಲ್ಲ ಬಟ್ಟೆಗೆ ಕೆಂಪು ಹತ್ತುತ್ತಿದೆ. ಬಣ್ಣವೇ ಕಿತ್ತು ಬರುತ್ತಿದೆಯಲ್ಲ ಎಂದು ನಾನು ಬಗ್ಗಿ ನೋಡಿದರೆ ಅವರು ನಿರಾಳ. "ಅಂಜಬ್ಯಾಡ್ರಿ, ಇದು ಮ್ಯಾಲಿನ ಸತ್ತ ಬಣ್ಣ. ಜೀವ ಇದ್ದದ್ದು ಕೆಳಗೈತಿ. ಆದ್ರ ಈ ಅಂಚಿನ್ಯಾಗ ಬಣ್ಣ ತೆಳು. ಇಲ್ಲಿ ಒಂದ ಬೆರಳಲೇ ಮೆಲ್ಲಕ ತಿಕ್ಕಬೇಕ್ರಿ."

ಭುಜ ನೋಯುತ್ತದೆ, ಉಗುರು ಸವೆಯುತ್ತವೆ. ಅದನ್ನೆಲ್ಲ ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿಂತೆ ಬೇರೆಯೇ ಇದೆ, ಅದು ಕಟ್ಟೆಯ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದೆ: ಅತ್ತೆ ಬಾಯವ್ವ. ಮನೆ, ಅಂಗಳ ಅವರ ಹೆಸರಿನಲ್ಲಿವೆ. ಗುಡ್ಡಕ್ಕೆ ಜನ ಸೇರುವ ಹುಣ್ಣಿಮೆ ಹತ್ತಿರ ಬಂತು; ಬಳೆ ಅಂಗಡಿಯ ಮಾಳಪ್ಪ ಈ ಅಂಗಳವನ್ನು ಕಾಯಂ ಆಗಿ ಬಾಡಿಗೆಗೆ ಕೇಳಿದ್ದಾನೆ. ಉತ್ತರಕ್ಕೆ ಇವತ್ತೇ ಬರುತ್ತಾನೆ.

"ಸೊಸಿ ಗಂಡಸರಂಗ ಗಾಡಿ ತಿಕ್ಕತಾಳಂತ ಓಣ್ಯಾಗ ಆಡಕೋತಾರ್ರಿ," ಎಂದು ಬಾಯವ್ವ ನನಗೇ ದೂರು ಕೊಡುತ್ತಾರೆ. "ಬಳಿ ಅಂಗಡಿ ಆದ್ರ ಅಂಗಳಕ್ಕೂ ಒಂದ ಕಳಾ ಬರತೈತಿ."

ಮಹಾನಂದಾ ದನಿ ತಗ್ಗಿಸುತ್ತಾರೆ, ಆದರೂ ಅದು ಕಟ್ಟೆಯವರೆಗೆ ಕೇಳುವಂತಿದೆ. "ಮ್ಯಾಲ ನಾಕ ತಗಡ ಹಾಕಿಸಿ ನೆರಳ ಮಾಡಕೋಬೇಕಂತ ಭಾಳ ಆಸೆ ಇತ್ರಿ. ಈಗ ಅಂಗಳನ ಹೋದ್ರ? ಗಾಡಿ ಒಯ್ದು ಅಡಗಿಮನ್ಯಾಗ ತಿಕ್ಕಾಕ ಬರತೈತೇನ್ರಿ?" ನಗಲು ನೋಡುತ್ತಾರೆ, ಕಣ್ಣು ತುಂಬುತ್ತದೆ.

ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬರುವ ಹೊತ್ತಿಗೆ ಕೈ ನಿಲ್ಲುತ್ತದೆ. ಈಗ ಬಾನೆಟ್ಟಿನ ಪರೀಕ್ಷೆ. ಮುಖ ತೊಳೆದುಕೊಂಡು, ಕುಂಕುಮದ ಭರಣಿ ತಂದು, ಮಹಾನಂದಾ ಅದರ ಹೊಳಪಿನಲ್ಲೇ ಮುಖ ನೋಡಿಕೊಂಡು ಹಣೆಗಿಡುತ್ತಾರೆ. "ಬೊಟ್ಟು ನೆಟ್ಟಗ ಹಚ್ಚಾಕ ಬಂತಂದ್ರ ಕೆಲಸ ಮುಗೀತ್ರಿ. ಮಸಕ ಕಂಡ್ರ ಮತ್ತ ತಿಕ್ಕೂದು." ಬೊಟ್ಟು ನೆಟ್ಟಗಿದೆ. ಭರಣಿಯನ್ನು ಕಟ್ಟೆಯ ಮೇಲಿಟ್ಟು ಚಹಾ ತರಲು ಒಳಗೆ ಹೋಗುತ್ತಾರೆ.

ಬಾಯವ್ವ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಮೆಲ್ಲಗೆ ಎದ್ದು ಬಂದು ಬಾನೆಟ್ಟಿನ ಮೇಲೆ ಬಾಗುತ್ತಾರೆ. "ಯವ್ವಾ, ಎಷ್ಟ ಮುದುಕಿ ಆಗೇನಿ ನಾ!" ನನಗೆ ನಗು ತಡೆಯಲಾಗುವುದಿಲ್ಲ. ಅವರು ಸೆರಗು ಸರಿಮಾಡಿಕೊಂಡು, ಭರಣಿ ತೆಗೆದುಕೊಂಡು, ಕಾರಿನಲ್ಲೇ ನೋಡಿ ಅಗಲವಾಗಿ ಕುಂಕುಮ ಇಟ್ಟುಕೊಳ್ಳುತ್ತಾರೆ. ತಿರುಗಿದರೆ ಹೊಸ್ತಿಲಲ್ಲಿ ಸೊಸೆ, ಕೈಯಲ್ಲಿ ಚಹಾದ ಕಪ್ಪುಗಳು.

"ಏನ್ ನೋಡ್ತಿ? ನೆಟ್ಟಗ ಬಂದೈತಿಲ್ಲೋ ಹೇಳು."

"ಬಂದೈತ್ರಿ ಅತ್ತಿ."

ಅಷ್ಟರಲ್ಲಿ ಬೈಕು ನಿಲ್ಲಿಸಿ ಮಾಳಪ್ಪ ಒಳಬರುತ್ತಾನೆ. "ಯವ್ವಾ, ಅಂಗಳದ್ದು ಏನ್ ಮಾಡಿದ್ರಿ?"

ಬಾಯವ್ವ ಕಪ್ಪು ತೆಗೆದುಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. "ಜಾಗಾ ಖಾಲಿ ಇಲ್ಲಪಾ. ಇಲ್ಲಿ ನಮ್ಮ ಸೊಸಿ ಕೆಲಸ ನಡದೈತಿ. ತಗಡ ಹೊಡಿಯಾವ್ರು ಯಾರರ ಗೊತ್ತಿದ್ರ ಕಳಸು."