ಬ್ಯಾನರ್‌ನಲ್ಲಿರುವುದು ಅವನ ಹೆಸರಲ್ಲ

ನಮ್ಮ ಸನಮಡಿಯ ಸಿಪಾಯಿ ಅಣ್ಣ ಹೋದನಂತೆ...
ನಾನು ನಂಬಲಿಲ್ಲ.
ಯಾಕೆ ನಂಬಲಿ?
ಈ ಊರು ಅವನನ್ನು ಹಿಂದೆಯೂ ಒಮ್ಮೆ ಸಾಯಿಸಿತ್ತು.
ಅದಕ್ಕೇ ಈ ಸಲ ಕೋಲೂರಿಕೊಂಡು ನಾನೇ ಹೋಗಿ, ಹಣೆ ಮುಟ್ಟಿ ನೋಡಿ ಬಂದೆ.
ತಣ್ಣಗಿತ್ತು...

ಬೆಳಗಿನಿಂದ ಗ್ರೂಪ್‌ನಲ್ಲಿ ಕೈಮುಗಿಯುವ ಚಿತ್ರ ಒತ್ತುತ್ತಿರುವ ಶೂರರೇ, ಸ್ವಲ್ಪ ಓದಿ.
ನಾಲ್ಕನೇ ಇಯತ್ತೆ ಕಲಿತವನೆಂದು ನಗಬೇಡಿ.
ಈ ಸಂಗತಿ ಕಣ್ಣಾರೆ ಕಂಡವನು ಇಡೀ ಜತ್ತ ತಾಲೂಕಿನಲ್ಲಿ ನಾನೊಬ್ಬನೇ ಉಳಿದಿರುವುದು.

ನಲವತ್ತೆಂಟನೇ ಇಸವಿ. ಕಾಶ್ಮೀರದಲ್ಲಿ ಯುದ್ಧ.
ಕುರಿ ಬಿಟ್ಟು ಪಲ್ಟನ್ ಸೇರಿದ್ದ ಅಣ್ಣನ, ಅಂದರೆ ಆಗಿನ ಮಾಳಪ್ಪನ, ಕಾಗದ ವರ್ಷವಾದರೂ ಬರಲಿಲ್ಲ...
ನಮ್ಮ ಹಿರಿಯರು ಒಂದು ಕಾರ್ಡು ಬರೆದು ಕೇಳಿದರೇ?
ಇಲ್ಲ. ಸತ್ತನೆಂದು ದಿನ, ಅಂದರೆ ತಿಥಿ, ಮಾಡಿದರು. ಹೋಳಿಗೆ ಹೊಡೆದರು.
ಅವನ ಹೊಲದ ಮೇಲೆ ಕಣ್ಣಿಟ್ಟಿದ್ದ ಕಾಕಾ ಎಲ್ಲರಿಗಿಂತ ಜೋರಾಗಿ ಅತ್ತ.
ಹುಡುಗನಾಗಿದ್ದ ನಾನೂ ನಾಲ್ಕು ಹೋಳಿಗೆ ತಿಂದೆ. ಸುಳ್ಳು ಯಾಕೆ...

ಮುಂದಿನ ಬೇಸಿಗೆಯಲ್ಲಿ ಡಫಳಾಪುರದ ದಾರಿಯಿಂದ ಅವನು ನಡೆದು ಬಂದ.
ಎಡಗೈ ಮೊಣಕೈವರೆಗೆ ಮಾತ್ರ.
ಹಿರಿಯರು ಹೊಸ್ತಿಲಿಗೆ ಅಡ್ಡ ನಿಂತರು.
"ನಿನ್ನ ದಿನಾ ಆಗ್ಯದಪಾ. ಹಂಗ ಒಳಗ ಬರೂ ಹಂಗಿಲ್ಲ. ಜೋಲ್ಯಾಗ ಮಲಗು, ಹೊಸ ಹೆಸರು ಇಡ್ತೀವಿ. ಮತ್ತ ಹುಟ್ಟಿದಂಗ ಆಗ್ತದ."
ಗುಂಡಿಗೆ ಎದೆ ಕೊಟ್ಟು ಬಂದವನನ್ನು, ಕುರಿ ಕಳವಾದರೂ ಕದ ತೆರೆಯದ ಈ ಗಂಡಸರು, ಬೇವಿನ ಮರಕ್ಕೆ ಕಂಬಳಿಯ ಜೋಲಿ ಕಟ್ಟಿ ಕೂಸಿನಂತೆ ಮಲಗಿಸಿದರು!
"ಕೂಸಿಗೆ ಮೀಸಿ ಭಾಳ ಚಲೋ ಬಂದಾವಲ್ಲೋ! ಏನ್ ಹೆಸರು ಇಡೂನು?"
ಅವನು ನಗಲಿಲ್ಲ.
"ಭೀಮಣ್ಣ ಅಂತ ಇಡ್ರಿ."
"ಯಾರಪಾ ಭೀಮಣ್ಣ?"
"ನಮ್ಮ ಪಲ್ಟನ್ನಾಂವ, ಉಟಗಿ ಊರಾಂವ. ನನ್ನ ಕೈ ಹೋದಾಗ ಹೆಗಲ ಮ್ಯಾಲೆ ಹೊತ್ತು ಗುಡ್ಡದ ಬುಡಕ್ಕ ತಂದ. ಮ್ಯಾಲೆ ಇನ್ನೂ ಇಬ್ರು ಅದಾರ ಅಂತ ಮತ್ತ ಹತ್ತಿದ... ಒಬ್ಬನ್ನ ತಂದ. ಇನ್ನೊಬ್ಬನ್ನ ತರಾಕ ಹೋದಾಂವ ಬರ್ಲಿಲ್ಲ. ಹೆಣಾನೂ ಸಿಗ್ಲಿಲ್ಲ. ಲಗ್ನ ಆಗಿರ್ಲಿಲ್ಲ, ಅವನ ಹೆಸರು ಇಡಾಕ ಮೊಮ್ಮಗ ಹುಟ್ಟೂದಿಲ್ಲ. ನನಗ ಇಡ್ರಿ."
ನಗು ನಿಂತಿತು.
ಹೆಸರು ಕೂಗಬೇಕಾದ ಸೋದರತ್ತೆ ಅಳುತ್ತ ಕುಳಿತಳು.
ಅವನ ಕಿವಿಯಲ್ಲಿ ಕೂಗಿದವನು ನಾನು!


ಭೀಮಣ್ಣಾ...
ಆಮೇಲೆ ಯಾರು ಮಾಳಪ್ಪ ಎಂದು ಕರೆದರೂ ನೀನು ತಿರುಗಿ ನೋಡಲಿಲ್ಲ.
ಸಾಲಿಯವರು ಝೆಂಡಾ ಹಾರಿಸುವ ದಿನ ನಿನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಕುರ್ಚಿಯಲ್ಲಿ ತಾವು ಕುಳಿತರು.
ನನಗೆ ಮಾತ್ರ ಒಂದು ಮಾತು ಹೇಳಿದ್ದೆ...
"ತಮ್ಮಾ, ನಂದು ದಿನಾ ಆಗಿ ಹೋಗ್ಯದ. ಅವಂದು ಯಾರೂ ಮಾಡಿಲ್ಲ. ನಾ ಹೋದಾಗ ಅವನ ಹೆಸರ್ಲೆ ಮಾಡ್ರಿ."

ಈಗ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಹಾಕಿದ್ದೀರಿ.
ನಿಮ್ಮ ಫೋಟೋ ಇಷ್ಟು ದೊಡ್ಡದು. ಅವನದು ಸ್ಟಾಂಪಿನಷ್ಟು.
ಕೆಳಗೆ ಬರೆದಿದ್ದೀರಿ... 'ವೀರ ಮಾಳಪ್ಪ'.
ಅಯ್ಯೋ ಜಾಣರಾ!
ಮಾಳಪ್ಪನ ಹೋಳಿಗೆಯನ್ನು ನಿಮ್ಮ ಅಜ್ಜಂದಿರು ಎಂದೋ ತಿಂದು ಅರಗಿಸಿಕೊಂಡಿದ್ದಾರೆ.

ನಾಲ್ಕು ಗಂಟೆಗೆ ಮಣ್ಣು.
ಅಷ್ಟರೊಳಗೆ ಬ್ಯಾನರ್ ಇಳಿಸಿ. ಇಲ್ಲವಾದರೆ ಈ ಕೋಲಿನಿಂದ ನಾನೇ ಹರಿಯುತ್ತೇನೆ.
ಕುಣಿಯ ಮುಂದೆ ಹೆಸರು ಕೂಗುವವನೂ ನಾನೇ... ಅಂದು ಕಿವಿಯಲ್ಲಿ ಕೂಗಿದ್ದನ್ನೇ.

ಗುಡ್ಡದ ಮೇಲೆ ಉಳಿದ ಭೀಮಣ್ಣ, ಇವತ್ತು ನಮ್ಮೂರ ಮಣ್ಣಿಗೆ ಬಾ...
ಅವನನ್ನು ಇಷ್ಟು ವರ್ಷ ಹೊತ್ತ ಅಣ್ಣಾ, ಇನ್ನು ಹೆಗಲು ಇಳಿಸು.
ಇಬ್ಬರ ಜೀವಕ್ಕೂ ತಂಪಾಗಲಿ. 🙏