ಕಾಕುವಿನ ಅಳು ನನ್ನ ಹಾಡಾದದ್ದು

ಬ್ಯಾಂಡಿನಲ್ಲಿ ನಾನು ಹಿಂದಿ, ಮರಾಠಿ, ಇಂಗ್ಲಿಷ್ ಹಾಡುತ್ತಿದ್ದೆ. ಕನ್ನಡದ ಸಾಲು ಹಾಡಿದ್ದು ಒಂದೇ ಸಲ, ಬ್ಯಾಂಡ್ ಬಿಟ್ಟು ಒಬ್ಬನೇ ಮಾಡಿದ ಹಾಡಿನಲ್ಲಿ. ಅದನ್ನು ಮಾಡಬಾರದಿತ್ತು.

ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಮುಂಬೈಗೆ ಬಂದವರು. ನಾನು ಹುಟ್ಟಿದ್ದು ಸಯನ್‌ನ ಚಾಳಿನಲ್ಲಿ. ಗಾರೆ ಕೆಲಸ ಇಲ್ಲದ ದಿನ ಕಾಕಾ ಸಿಕ್ಕ ಕೆಲಸಕ್ಕೆ ಹೋಗುತ್ತಿದ್ದ. ಹಾಗೊಮ್ಮೆ ಘಾಟ್ಕೋಪರಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಮಲದ ಟ್ಯಾಂಕಿಗೆ ಇಳಿದ. ಜೀವಂತವಾಗಿ ಮೇಲೆ ಬರಲಿಲ್ಲ. ಅದೇ ಸೊಸೈಟಿಯ ನಾಲ್ಕು ಮನೆಗಳಲ್ಲಿ ಅವನ ಹೆಂಡತಿ, ನನ್ನ ಕಾಕು, ಪಾತ್ರೆ ತೊಳೆಯುತ್ತಿದ್ದಳು. ಗದ್ದಲ ಕೇಳಿ ಓಡಿಬಂದಾಗ ಅವಳ ಕೈಗೆ ಸೋಪಿನ ನೊರೆ ಹಾಗೇ ಇತ್ತಂತೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಅತ್ತಳು. "ಮನ್ಯಾಗ ಲೈಟ್ ಹೋದ್ರ ಹೆದರತಿದ್ರಿ, ಆ ಕತ್ತಲ್ಯಾಗ ಹೆಂಗ ಇಳದ್ರಿ?" ಅದನ್ನೇ ಎಳೆದೆಳೆದು ಹೇಳುತ್ತಿದ್ದಳು.

ಆ ಸಾಲು ನನ್ನ ಕಿವಿಯಿಂದ ಹೋಗಲಿಲ್ಲ. ಅದನ್ನು ಹಾಡು ಮಾಡೋಣ ಎಂದೆ. ಗಟಾರದ ಹಾಡನ್ನು ಯಾರು ಕೇಳುತ್ತಾರೆ ಎಂದರು ಬ್ಯಾಂಡಿನವರು. ಬಿಟ್ಟುಬಂದೆ. ಹಿಂದಿ, ಮರಾಠಿ ಚರಣಗಳನ್ನು ನಾನೇ ಬರೆದೆ. ಕೊನೆಯ ಚರಣ ಕನ್ನಡದ್ದು, ಕಾಕುವಿನ ಮಾತು ಇದ್ದ ಹಾಗೇ. ಅವಳನ್ನು ಕೇಳಲಿಲ್ಲ. ವಿಡಿಯೋ ಮಾಡಿದ್ದು ಆ ಸೊಸೈಟಿಯ ಗೇಟಿನೆದುರೇ. ತುಂಬಾ ಜನ ನೋಡಿದರು, ಹೊಗಳಿದರು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು.

ಕೆಲವು ದಿನಗಳ ನಂತರ ಕಾಕು ಮನೆಗೆ ಬಂದಳು. ಚಹಾ ಬೇಡವೆಂದಳು.

"ನಾಳಿಂದ ಬರಬ್ಯಾಡ ಅಂದ್ರು ತಮ್ಮಾ. ನಾಕೂ ಮನಿ ಹೋದ್ವು. ಫೋನಿನ್ಯಾಗ ನಿನ್ನ ಹಾಡ ತೋರಿಸಿದ್ರು."

"ಕಾಕಾಗ ನ್ಯಾಯ ಸಿಗ್ಲಿ ಅಂತ ಮಾಡ್ದೆ, ಕಾಕು," ಎಂದೆ ನನ್ನ ತೊದಲು ಕನ್ನಡದಲ್ಲಿ.

"ಅದೆಲ್ಲಾ ನನಗ ತಿಳಿಯಂಗಿಲ್ಲ. ನಾ ನನ್ನ ಗಂಡಗ ಅತ್ತಿದ್ದೆ. ನೀ ಮಂದಿಗೆಲ್ಲಾ ಕೇಳಿಸಿದಿ. ನನ್ನ ಒಂದ್ ಮಾತ್ ಕೇಳಾಕ ಏನಾಗಿತ್ತು?"

ಅವಳು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಅಂದೇ ಹಾಡನ್ನು ತೆಗೆದುಹಾಕಿದೆ. ಅಷ್ಟರಲ್ಲಿ ಅದು ಎಷ್ಟೋ ಜನರ ಫೋನಿಗೆ ಹೋಗಿತ್ತು. ಮರುದಿನ ಬೆಳಿಗ್ಗೆ ಸೊಸೈಟಿಯ ಸೆಕ್ರೆಟರಿಯ ಹತ್ತಿರ ಹೋಗಿ, ತಪ್ಪು ನನ್ನದು, ಅವಳನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೈಮುಗಿದೆ. ಆತ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ನಿನ್ನ ದನಿ ಚೆನ್ನಾಗಿದೆ, ಆದರೆ ಇಲ್ಲಿಯವರಿಗೆ ತಲೆನೋವು ಬೇಡ ಎಂದ.

ಹೊರಗೆ ಬಂದರೆ ಟ್ಯಾಂಕಿನ ಮುಚ್ಚಳ ತೆರೆದಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಒಬ್ಬ, ಕಾಕಾನ ವಯಸ್ಸಿನವನು, ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಇಳಿಯಬೇಡ, ಇಲ್ಲಿ ಒಬ್ಬ ಸತ್ತಿದ್ದಾನೆ ಎಂದೆ ಹಿಂದಿಯಲ್ಲಿ. ಗೊತ್ತು ಎಂದ. ಬೇರೆ ಕೆಲಸ ಕೊಡುತ್ತೀಯಾ ಎಂದು ಕೇಳಿದ. ಅಣಕವಿರಲಿಲ್ಲ, ನಿಜವಾಗಿಯೇ ಕೇಳಿದ್ದ. ಅವನು ಇಳಿದ. ಮೇಲೆ ಬರುವವರೆಗೂ ಅಲ್ಲೇ ನಿಂತಿದ್ದೆ.

ಆಮೇಲೆ ನಾನು ಹಾಡು ಬರೆದಿಲ್ಲ. ಕಾಕು ಈಗ ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ದಿನವಿಡೀ ನಿಂತು ತಟ್ಟೆ ತೊಳೆಯುತ್ತಾಳೆ. ಮನೆಯ ಕಾರ್ಯಗಳಲ್ಲಿ ಸಿಗುತ್ತಾಳೆ. ಅಪ್ಪನ ಜೊತೆ, ಅವ್ವನ ಜೊತೆ ಕನ್ನಡ. ನನ್ನ ಜೊತೆ ಮಾತ್ರ, ಹೊರಗಿನವರೊಂದಿಗೆ ಆಡುವಂತೆ, ಹಿಂದಿ.