ಅರೆಬೆಂದ ತುಂಡು

...ಅಲ್ಲ, ಸೌಟು ನನ್ನ ಕೈಯಲ್ಲಿ ಇರಲೇ ಇಲ್ಲವೇನೋ. ನನ್ನ ಹೆಂಡತಿ ಸವಿತ ಬಿದ್ದಾಗ ನಾನು ಹಿತ್ತಿಲಲ್ಲಿ ಹಂದಿ ಸೂಪು ಕದಡುತ್ತಿದ್ದೆ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅವ್ವ ಒಪ್ಪುವುದಿಲ್ಲ. ನಾನು ಫೋನಿನಲ್ಲಿದ್ದೆ, ಮೂರು ಸಲ ಕೂಗಿದ ಮೇಲೆ ತಿರುಗಿದೆ ಎನ್ನುತ್ತಾಳೆ. ನನಗೆ ಹೊಗೆ ನೆನಪಿದೆ, ಮೆಣಸಿನ ಘಾಟು ನೆನಪಿದೆ. ಅವು ಪ್ರತಿ ಭಾನುವಾರವೂ ಇರುತ್ತಿದ್ದವು. ಯಾವ ಭಾನುವಾರದ್ದನ್ನು ತಂದು ಯಾವುದಕ್ಕೆ ಅಂಟಿಸಿಕೊಂಡಿದ್ದೇನೋ.

ಮೊದಲು ಅವಳ ಎಡಗೈ ಅದುರಿತು. ಆಮೇಲೆ ಇಡೀ ಮೈ.

ಮಂಡ್ಯದಲ್ಲಿ ಎಂಆರ್‌ಐ ಆಯಿತು. ಮೆದುಳಿನಲ್ಲಿ ಒಂದು ಸಿಸ್ಟ್, ನೀರುಗುಳ್ಳೆಯಂಥದ್ದು. ಡಾಕ್ಟರಮ್ಮ ಪರದೆಯ ಮೇಲಿನ ಚುಕ್ಕೆ ತೋರಿಸಿ, "ಲಾಡಿಹುಳದ ಮರಿ. ಹಂದಿಮಾಂಸದಲ್ಲಿ ಇರುತ್ತಲ್ಲ, ಅದೇ ಹುಳ," ಎಂದರು.

ಅವ್ವ ನನ್ನ ಕಡೆ ತಿರುಗಿದಳು. "ಅಂದಿ ಬ್ಯಾಡ ಬುಡ್ಲಾ ಅಂತ ಬಡ್ಕಂಡೆ. ಕೇಳುದ್ಯಾ?"

ಆದರೆ ಸವಿತ ಹಂದಿ ತಿನ್ನುವುದಿಲ್ಲ. ಕೊತ್ತತ್ತಿಯ ನಮ್ಮ ಮನೆಯಲ್ಲಿ ಅಡುಗೆಮನೆಯೊಳಗೆ ಅದು ಬೇಯುವಂತಿಲ್ಲ. ಅದರ ಪಾತ್ರೆ, ಸೌಟು, ತಟ್ಟೆ ಎಲ್ಲವೂ ಬೇರೆ, ಎಲ್ಲವೂ ಹಿತ್ತಿಲಲ್ಲೇ. ಮೂರು ಕಲ್ಲಿನ ಒಲೆ, ಮೂಳೆ ಸಮೇತ ಮಾಂಸ, ಶುಂಠಿ, ಬೆಳ್ಳುಳ್ಳಿ, ಒಂದು ಹಿಡಿ ಅವರೆಕಾಳು. ಗಂಡಸರ ಅಡುಗೆ. ಪಾತ್ರೆ ಹೊಸ್ತಿಲು ದಾಟದಿದ್ದರೆ ಮನೆ ಶುದ್ಧ ಎಂದು ನಂಬಿದ್ದೆವು. ಆ ಹೊಸ್ತಿಲನ್ನು ನಾನು ದಿನಕ್ಕೆ ನೂರು ಸಲ ದಾಟುತ್ತಿದ್ದೆ.

"ತಿನ್ನದವಳಿಗೆ ಹೇಗೆ ಮೇಡಂ?"

"ತಿಂದವರಿಂದ."

ಸರಿಯಾಗಿ ಬೇಯದ ಮಾಂಸ ತಿಂದವರ ಕರುಳಲ್ಲಿ ಹುಳ ಬೆಳೆಯುತ್ತದಂತೆ. ಅವರಿಗೆ ಏನೂ ಅನ್ನಿಸದಿರಬಹುದು. ಮೊಟ್ಟೆ ಮಲದಲ್ಲಿ ಹೊರಬಂದು ಕೈಗೆ ಅಂಟುತ್ತದೆ. ಆ ಕೈ ಮುಟ್ಟಿದ್ದನ್ನು ತಿಂದವರ ಮೆದುಳಿಗೆ ಮರಿ ಸೇರಬಹುದು. ಹೊರಗಿನ ತರಕಾರಿಯಿಂದಲೂ ಬಂದಿರಬಹುದು ಎಂದು ಸೇರಿಸಿದರು. ಆಮೇಲೆ ಕೇಳಿದರು: "ಮನೇಲಿ ಅರೆಬೆಂದಿದ್ದು ತಿನ್ನೋರು ಯಾರಾದ್ರೂ ಇದ್ದಾರಾ?"

ಇಲ್ಲ ಎಂದೆ.

ಅಪ್ಪ ಕಲಿಸಿದ್ದ: ಕುದಿ ಬಂದ ಮೇಲೆ ಒಂದು ತುಂಡು ಬಾಯಿಗೆ ಹಾಕಿ ನೋಡಬೇಕು, ಚರ್ಮ ಹಲ್ಲಿಗೆ ಜಗ್ಗಿದರೆ ಇನ್ನೂ ಸೌದೆ ತುರುಕಬೇಕು. ನೋಡಿದ ತುಂಡನ್ನು ಉಗುಳುತ್ತಿದ್ದೆನೇ? ಬಹಳ ದಿನ ಹಾಗೆಂದೇ ಅಂದುಕೊಂಡಿದ್ದೆ. ನುಂಗುತ್ತಿದ್ದೆ. ಹಂದಿ ತಿನ್ನದ ಸವಿತಳ ತಟ್ಟೆಗೆ ಈರುಳ್ಳಿ, ಸೌತೆಕಾಯಿ ಹೆಚ್ಚಿಡುತ್ತಿದ್ದವನೂ ನಾನೇ.

ಮನೆಯವರೆಲ್ಲ ಸ್ಟೂಲ್ ಟೆಸ್ಟ್ ಮಾಡಿಸಿ ಎಂದು ಡಾಕ್ಟರಮ್ಮ ಚೀಟಿ ಬರೆದರು. ನಾನು ಲ್ಯಾಬಿಗೆ ಹೋಗಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹುಳದ ಮಾತ್ರೆ ಕೇಳಿ, ಅಲ್ಲೇ ನಿಂತು ನುಂಗಿದೆ. ಎರಡು ವಾರ ಬಿಟ್ಟು ಲ್ಯಾಬಿಗೆ ಮಲದ ಡಬ್ಬಿ ಕೊಟ್ಟೆ. ಅವ್ವನದೂ ನೆಗೆಟಿವ್, ನನ್ನದೂ ನೆಗೆಟಿವ್.

ಡಾಕ್ಟರಮ್ಮ ತಾರೀಖು ನೋಡಿದರು. "ಮಧ್ಯದಲ್ಲಿ ಮಾತ್ರೆ ಏನಾದ್ರೂ ತಗೊಂಡ್ರಾ?"

ಪಕ್ಕದಲ್ಲಿ ಸವಿತ ಕೂತಿದ್ದಳು. ಹೇಳಿದೆ.

"ಹಾಗಾದ್ರೆ ನಿಮ್ಮ ರಿಪೋರ್ಟ್ ಏನೂ ಹೇಳಲ್ಲ. ಹುಳ ಇದ್ದಿದ್ರೂ ಮಾತ್ರೆಗೆ ಸತ್ತಿರುತ್ತೆ."

ಬಸ್‌ಸ್ಟ್ಯಾಂಡಿಗೆ ಸವಿತ ನನಗಿಂತ ಮುಂದೆ ನಡೆದಳು. ಕಲ್ಲುಬೆಂಚಿನ ಮೇಲೆ ಕೂತವಳು ಕೇಳಿದಳು: "ಯಾಕ್ ನುಂಗುದ್ರಿ?"

"ಭಯ ಆಯ್ತು ಕಣೆ."

"ನಂಗೇನಾಯ್ತದೋ ಅಂತಲಾ, ರಿಪೋರ್ಟಲ್ಲಿ ಏನ್ ಬತ್ತದೋ ಅಂತಲಾ?"

ನಾನು ಬಸ್ಸಿನ ಬೋರ್ಡು ಓದುತ್ತಿದ್ದೆ.

"ಬುಡಿ," ಎಂದಳು. "ನನ್ ತಲೇಲಿ ಬಾಡಿಗೆಗೆ ಇರೋನು ಯಾರ್ ಕಡೆ ನೆಂಟ ಅಂತ ತಿಳ್ಕಳವ ಅಂದ್ರೆ, ಅದ್ಕೂ ಕಲ್ ಹಾಕುದ್ರಿ." ನಕ್ಕಳು. ಅದು ನಗುವೇ ಆಗಿತ್ತೆಂದು ಖಚಿತವಾಗಿ ಹೇಳಲಾರೆ.

ತಿಂಗಳುಗಳ ಮಾತ್ರೆಯ ನಂತರ ಸಿಸ್ಟ್ ಒಣಗಿದೆ. ಫಿಟ್ಸ್ ಮತ್ತೆ ಬಂದಿಲ್ಲ. ಅಷ್ಟಕ್ಕೆ ಋಣಿ, ಯಾರಿಗೆ ಎಂದು ಕೇಳಿದರೆ ತಡವರಿಸುತ್ತೇನೆ. ಸೂಪು ಈಗಲೂ ಮಾಡುತ್ತೇನೆ, ಕುಕ್ಕರಿನಲ್ಲಿ. ಮಧ್ಯೆ ಮುಚ್ಚಳ ತೆಗೆಯಲಾಗದು ಎಂಬ ಕಾರಣಕ್ಕೇ. ಸವಿತ ತನ್ನ ತಟ್ಟೆಗೆ ಈರುಳ್ಳಿ, ಸೌತೆಕಾಯಿ ತಾನೇ ಹೆಚ್ಚಿಕೊಳ್ಳುತ್ತಾಳೆ. ನಾನೂ ಬೇಡ ಎನ್ನುವುದಿಲ್ಲ.

ಹುಳ ನನ್ನೊಳಗೆ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ಕೊಲ್ಲಲು ಮಾತ್ರೆ ನುಂಗಿದೆನೋ, ಗೊತ್ತಾಗದ ಹಾಗೆ ಮಾಡಲು ನುಂಗಿದೆನೋ, ಅದೂ ಗೊತ್ತಿಲ್ಲ.